ಬೇರು ಒಯ್ದರು, ವೈದ್ಯರನ್ನು ಬಿಟ್ಟರು

(ಆಫ್ರಿಕಾದ ನಾಟಿ ವೈದ್ಯರು ಮತ್ತು ಆಸ್ಪತ್ರೆಗಳ ಬಗ್ಗೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಿಲ್ಲ. ಕೇಳಿದವರ ಎರಡು ಪ್ರಶ್ನೆಗಳನ್ನು ಒಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಫ್ರಿಕಾದ ಆರೋಗ್ಯದ ಬಗ್ಗೆ ಯಾರೇ ಮಾತಾಡಲಿ, ಶುರುವಿನಲ್ಲೇ ಒಂದು ಅಂಕಿ ಬಂದೇ ಬರುತ್ತದೆ. ಅಲ್ಲಿ ನೂರಕ್ಕೆ 80 ಜನ ನಾಟಿ ವೈದ್ಯವನ್ನೇ ನೆಚ್ಚಿಕೊಂಡಿದ್ದಾರೆ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಕಾಗದಗಳಲ್ಲೂ ಇದು ಸಿಗುತ್ತದೆ, ಪತ್ರಿಕೆಗಳಲ್ಲೂ ಸಿಗುತ್ತದೆ. 1980ರ ದಶಕದ ಆರಂಭದ ಅಂಕಿ ಇದು. ಅಲ್ಲಿಂದ ಇಲ್ಲಿವರೆಗೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆದುಕೊಳ್ಳುತ್ತಲೇ ಬಂದಿದ್ದಾರೆ.

2007ರಿಂದ 2010ರ ನಡುವೆ ಆರು ದೇಶಗಳಲ್ಲಿ ಮನೆ ಮನೆಗೆ ಹೋಗಿ ಒಂದು ಸಮೀಕ್ಷೆ ಮಾಡಿದರು. ಕಳೆದ ಮೂರು ವರ್ಷದಲ್ಲಿ ಹುಷಾರಿಲ್ಲದಾಗ ಹೆಚ್ಚಾಗಿ ಯಾರ ಹತ್ತಿರ ಹೋದಿರಿ ಅಂತ ಕೇಳಿದರು. ಘಾನಾದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ನಾಟಿ ವೈದ್ಯರ ಹತ್ತಿರ ಅಂದವರು ನೂರಕ್ಕೆ ಮೂವರಿಗಿಂತ ಕಡಿಮೆ. ಆರು ದೇಶಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಎಲ್ಲಿ ಗೊತ್ತಾ? ನಮ್ಮ ಭಾರತದಲ್ಲಿ. ನೂರಕ್ಕೆ 11.7.

ಹಾಗಂತ ಈ ಸಣ್ಣ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಪುಸ್ತಕ ಹಿಡಿದು ಬಂದ ಅಪರಿಚಿತರ ಮುಂದೆ ಯಾರು ತಾನೇ ಎಲ್ಲವನ್ನೂ ಹೇಳುತ್ತಾರೆ? "ಹೆಚ್ಚಾಗಿ" ಎಲ್ಲಿಗೆ ಹೋದಿರಿ ಅಂದರೆ ಜನ ಆಸ್ಪತ್ರೆ ಅನ್ನುತ್ತಾರೆ. ಒಮ್ಮೆಯೂ ಬೇರೆ ಕಡೆ ಹೋಗಿಲ್ಲ ಅಂತ ಅದರ ಅರ್ಥವಲ್ಲ. ಸೋಮವಾರ ಆಸ್ಪತ್ರೆ, ಗುರುವಾರ ಬೇರು ಕೊಡುವವರ ಮನೆ. ನಮ್ಮಲ್ಲೂ ಹೀಗೇ ಅಲ್ವಾ?

ಸಭೆಯಲ್ಲಿ ಒಬ್ಬರು ಕೇಳಿದರು: ಅಂದರೆ ನಮ್ಮ ಆಯುರ್ವೇದದ ಹಾಗೆಯೋ? ಅಲ್ಲ. ಆಯುರ್ವೇದಕ್ಕೆ ಗ್ರಂಥಗಳಿವೆ, ಕಾಲೇಜುಗಳಿವೆ, ಸರ್ಕಾರದಲ್ಲಿ ಪ್ರತ್ಯೇಕ ಮಂತ್ರಾಲಯವೇ ಇದೆ. ಹೋಲಿಸುವುದಾದರೆ ಕಾಮಾಲೆಗೆ ಸೊಪ್ಪು ಅರೆದು ಕೊಡುವ ಅಜ್ಜನ ಜೊತೆ, ಮೂಳೆ ಕಟ್ಟುವವರ ಜೊತೆ, ಮೈಮೇಲೆ ದೇವರು ಬಂದು ಕಣಿ ಹೇಳುವವರ ಜೊತೆ ಹೋಲಿಸಬೇಕು. ದಕ್ಷಿಣ ಆಫ್ರಿಕಾದಲ್ಲಿ ಗಿಡಮೂಲಿಕೆಯವರನ್ನು ಇನ್ಯಾಂಗಾ ಅಂತಾರೆ. ಹಿರಿಯರ ಆತ್ಮಗಳ ಜೊತೆ ಮಾತಾಡಿ ಕಾಯಿಲೆಯ ಕಾರಣ ಹೇಳುವವರನ್ನು ಸಾಂಗೋಮಾ ಅಂತಾರೆ. ವಿದ್ಯೆ ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಬರುತ್ತದೆ.

ಬಾಯಿಂದ ಬಾಯಿಗೆ ಬಂದ ವಿದ್ಯೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. 1879ನೇ ಇಸವಿ. ಈಗಿನ ಉಗಾಂಡಾದಲ್ಲಿರುವ ಬುನ್ಯೋರೋ ರಾಜ್ಯ. ರಾಬರ್ಟ್ ಫೆಲ್ಕಿನ್ ಅನ್ನುವ ಬ್ರಿಟಿಷ್ ಮಿಷನರಿ ಅಲ್ಲಿ ಒಂದು ಸಿಸೇರಿಯನ್ ಹೆರಿಗೆಯನ್ನು ಕಣ್ಣಾರೆ ಕಂಡ. ಸುಮಾರು ಇಪ್ಪತ್ತು ವರ್ಷದ ಹುಡುಗಿ, ಚೊಚ್ಚಲ ಬಸಿರು. ಇಳಿಜಾರಾದ ಮಂಚದ ಮೇಲೆ ಮಲಗಿಸಿದ್ದರು. ಬಾಳೆಹಣ್ಣಿನ ಮದ್ಯ ಕುಡಿಸಿ ಅರ್ಧ ಅಮಲೇರಿಸಿದ್ದರು. ಶಸ್ತ್ರ ಹಿಡಿದವನು ಅದೇ ಮದ್ಯದಲ್ಲಿ ತನ್ನ ಕೈ ತೊಳೆದುಕೊಂಡ, ಅವಳ ಹೊಟ್ಟೆಯನ್ನೂ ತೊಳೆದ. ಒಂದೇ ಏಟಿಗೆ ಕೊಯ್ದ. ರಕ್ತ ಚಿಮ್ಮಿದ ಕಡೆ ಕಾದ ಕಬ್ಬಿಣ ಮುಟ್ಟಿಸಿದರು. ಮಗು ಹೊರಗೆ ಬಂತು, ಮಾಸು ತೆಗೆದರು. ಗಾಯದ ಅಂಚುಗಳನ್ನು ಕೂಡಿಸಿ, ನಯವಾಗಿ ಉಜ್ಜಿದ ಏಳು ಕಬ್ಬಿಣದ ಮೊಳೆಗಳನ್ನು ಚುಚ್ಚಿ, ಮರದ ನಾರಿನ ಬಟ್ಟೆಯಿಂದ ಮಾಡಿದ ದಾರ ಸುತ್ತಿದರು. ಎರಡು ಬಗೆಯ ಬೇರನ್ನು ಅಗಿದು ಆ ಲೇಪ ಮೆತ್ತಿ, ಮೇಲೆ ಬಾಳೆ ಎಲೆ ಇಟ್ಟು ಕಟ್ಟಿದರು. ಹನ್ನೊಂದನೇ ದಿನಕ್ಕೆ ಗಾಯ ಕೂಡಿತ್ತು. ತಾಯಿ, ಮಗು ಇಬ್ಬರೂ ಉಳಿದರು.

ಆ ಕಾಲದ ಯುರೋಪಿನಲ್ಲಿ ಹೊಟ್ಟೆ ಕೊಯ್ದರೆ ತಾಯಿ ಉಳಿಯುವುದು ಅಪರೂಪವಾಗಿತ್ತು. ಕೈ ತೊಳೆಯಿರಿ ಅಂತ ಬ್ರಿಟಿಷ್ ಸರ್ಜನ್ ಲಿಸ್ಟರ್ ಅಲ್ಲಿನ ಡಾಕ್ಟರುಗಳಿಗೆ ಹೇಳಲು ಶುರು ಮಾಡಿ ಹೆಚ್ಚು ವರ್ಷ ಆಗಿರಲಿಲ್ಲ, ಎಲ್ಲರೂ ಒಪ್ಪಿಯೂ ಇರಲಿಲ್ಲ. ಫೆಲ್ಕಿನ್ 1884ರಲ್ಲಿ ಎಡಿನ್‌ಬರೋದ ಪ್ರಸೂತಿ ತಜ್ಞರ ಸಂಘದ ಮುಂದೆ ಇದನ್ನು ಚಿತ್ರ ಸಮೇತ ಹೇಳಿದ. ಶಸ್ತ್ರಚಿಕಿತ್ಸೆಯ ಪ್ರತಿ ಹೆಜ್ಜೆ ಬರೆದುಕೊಂಡ ಫೆಲ್ಕಿನ್, ಚಾಕು ಹಿಡಿದವನ ಹೆಸರು ಬರೆದುಕೊಳ್ಳಲಿಲ್ಲ.

ನನ್ನ ಇವತ್ತಿನ ಮಾತಿಗೆ ಬೇಕಾದದ್ದು ಇದೇ. ನೂರೈವತ್ತು ವರ್ಷಗಳಿಂದ ಗಿಡದ ಬಗ್ಗೆ, ಬೇರಿನ ಬಗ್ಗೆ ಹೊರಗಿನವರಿಗೆ ತುಂಬಾ ಆಸಕ್ತಿ. ಅದನ್ನು ಕೊಡುವ ಮನುಷ್ಯರ ಬಗ್ಗೆ ಅಷ್ಟಕ್ಕಷ್ಟೇ. ಆದರೆ ನಿಜವಾಗಿ ಕೆಲಸಕ್ಕೆ ಬಂದ ಪ್ರಯತ್ನಗಳನ್ನು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಆ ಮನುಷ್ಯರ ಜೊತೆ ಕೂತು ಮಾಡಿದ ಕೆಲಸಗಳು.

ಮೊದಲು ಬೇರಿನ ಕಥೆ ಮುಗಿಸಿಬಿಡೋಣ. ನೈಜೀರಿಯಾದ ಕಲಬಾರ್‌ನಲ್ಲಿ ಎಫಿಕ್ ಜನ ಒಂದು ವಿಷದ ಬೀಜ ಬಳಸುತ್ತಿದ್ದರು. ಮಾಟ ಮಾಡಿದ ಆರೋಪ ಬಂದವರಿಗೆ ಅದನ್ನು ತಿನ್ನಿಸುವುದು. ವಾಂತಿಯಾಗಿ ಬದುಕಿದರೆ ನಿರಪರಾಧಿ. 1855ರಲ್ಲಿ ಎಡಿನ್‌ಬರೋದ ಪ್ರೊಫೆಸರ್ ಕ್ರಿಸ್ಟಿಸನ್ ತಾನೇ ಅದನ್ನು ತಿಂದು ನೋಡಿ ಸಾಯುವ ಹಾಗಾದ. (ವಿಜ್ಞಾನಿಗಳ ಹುಚ್ಚಾಟಕ್ಕೂ ಒಂದು ಚರಿತ್ರೆ ಬರೆಯಬಹುದು.) ಆ ಬೀಜದಿಂದ ಫೈಸೋಸ್ಟಿಗ್ಮಿನ್ ಬಂತು, ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಗೆ ಔಷಧವಾಯಿತು. ಇವತ್ತು ಮರೆವಿನ ಕಾಯಿಲೆಯವರಿಗೆ ಕೊಡುವ ರಿವಾಸ್ಟಿಗ್ಮಿನ್ ಕೂಡ ಅದೇ ವಂಶದ್ದು.

1897ರಲ್ಲಿ ಚಾರ್ಲ್ಸ್ ಸ್ಟೀವನ್ಸ್ ಅನ್ನುವ ಇಂಗ್ಲಿಷ್ ಯುವಕ ಕ್ಷಯ ಹತ್ತಿಸಿಕೊಂಡು ದಕ್ಷಿಣ ಆಫ್ರಿಕಾಕ್ಕೆ ಬಂದ. ಬಸುಟೋ ಜನಾಂಗದ ನಾಟಿ ವೈದ್ಯನೊಬ್ಬ ಬೇರಿನ ಕಷಾಯ ಕೊಟ್ಟ. ಸ್ಟೀವನ್ಸ್ ಚೇತರಿಸಿಕೊಂಡ, ವಾಪಸ್ ಹೋಗಿ ಅದನ್ನು ಬಾಟಲಿಗೆ ತುಂಬಿ ತನ್ನ ಹೆಸರಿನಲ್ಲೇ ಮಾರಿದ. ಅದು ಪೆಲಾರ್ಗೋನಿಯಮ್ ಜಾತಿಯ ಗಿಡದ ಬೇರು. ಮುಂದೆ ಜರ್ಮನಿಯಲ್ಲಿ ಕೆಮ್ಮು, ಬ್ರಾಂಕೈಟಿಸ್‌ಗೆ ಭರ್ಜರಿ ಮಾರಾಟವಾಗುವ ಔಷಧವಾಯಿತು. ಅದರ ಮೇಲೆ ಅಲ್ಲಿನ ಕಂಪನಿಯವರು ಪೇಟೆಂಟ್ ಕೂಡ ಪಡೆದರು. ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯದ ಆಲಿಸ್ ಅನ್ನುವ ಊರಿನ ಜನ, ಇದು ನಾವು ಮೊದಲಿಂದ ಬಳಸುತ್ತಿದ್ದ ಬೇರು, ನಿಮ್ಮ ಸಂಶೋಧನೆ ಹೇಗಾಗುತ್ತದೆ ಅಂತ ತಗಾದೆ ತೆಗೆದರು. 2010ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಆ ಪೇಟೆಂಟನ್ನು ರದ್ದು ಮಾಡಿತು. ಅರಿಶಿನ, ಬೇವಿನ ಪೇಟೆಂಟ್ ಜಗಳ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇರನ್ನು ಇನ್ನೊಂದು ರೀತಿಯಲ್ಲಿ ಪರೀಕ್ಷಿಸಿದ್ದು ಮಾಲಿ ದೇಶದಲ್ಲಿ. ಸಾಮಾನ್ಯವಾಗಿ ಗಿಡವನ್ನು ಲ್ಯಾಬಿಗೆ ಒಯ್ದು, ಅರೆದು, ಸೋಸಿ, ಒಂದು ಅಣು ಹುಡುಕಿ, ಇಲಿಗಳಿಗೆ ಕೊಟ್ಟು, ಕೊನೆಗೆ ಮನುಷ್ಯರ ಹತ್ತಿರ ಬರುತ್ತಾರೆ. ಮಾಲಿಯಲ್ಲಿ ತಿರುಗಿಸಿ ಮಾಡಿದರು. ಮೊದಲು ಮನೆಗಳಿಗೆ ಹೋದರು. ಮಗುವಿಗೆ ಮಲೇರಿಯಾ ಬಂದಾಗ ಏನು ಕೊಟ್ಟಿರಿ, ಆಮೇಲೆ ಏನಾಯಿತು ಅಂತ ಕೇಳಿದರು. 66 ಗಿಡಗಳ ಹೆಸರು ಬಂದವು. ಎಲ್ಲಕ್ಕಿಂತ ಚೆನ್ನಾಗಿ ಗುಣವಾಗಿದ್ದು ಅರ್ಜಿಮೋನ್ ಮೆಕ್ಸಿಕಾನಾ ಅನ್ನುವ ಗಿಡದ ಕಷಾಯ ಕುಡಿದವರಿಗೆ. ನೀವೂ ನೋಡಿರುತ್ತೀರಿ. ಪಾಳು ಜಾಗದಲ್ಲಿ, ರಸ್ತೆ ಬದಿಯಲ್ಲಿ ಬೆಳೆಯುವ ಮುಳ್ಳಿನ ಗಿಡ, ಹಳದಿ ಹೂ, ಮುರಿದರೆ ಹಳದಿ ಹಾಲು. ಇದರ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತೇ 1998ರಲ್ಲಿ ದೆಹಲಿಯಲ್ಲಿ ಜನ ಸತ್ತದ್ದು. ಬೀಜ ವಿಷ. ಅಲ್ಲಿ ಬಳಸುವುದು ಎಲೆ, ಕಾಂಡದ ಕಷಾಯವನ್ನು. ಮನೆಗೆ ಹೋಗಿ ಕುದಿಸಲು ಹೋಗಬೇಡಿ ದಯವಿಟ್ಟು!

ಆಮೇಲೆ ಮಿಸ್ಸಿಡುಗು ಅನ್ನುವ ಹಳ್ಳಿಯಲ್ಲಿ ಎಷ್ಟು ಕುಡಿಸಬೇಕು ಅಂತ ಮೂರು ಅಳತೆಗಳಲ್ಲಿ ನೋಡಿದರು. ಕಡಿಮೆ ಅಳತೆ ಸಾಲದಾಯಿತು, ಮಧ್ಯದ್ದು ಸರಿ ಬಂತು, ಅದಕ್ಕಿಂತ ಜಾಸ್ತಿ ಕೊಟ್ಟರೂ ಹೆಚ್ಚಿನ ಲಾಭ ಆಗಲಿಲ್ಲ. ಕೊನೆಗೆ 301 ರೋಗಿಗಳಲ್ಲಿ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಕೆಲವರಿಗೆ ಕಷಾಯ, ಉಳಿದವರಿಗೆ ಈಗಿನ ಒಳ್ಳೆಯ ಮಲೇರಿಯಾ ಮಾತ್ರೆ ಕೊಟ್ಟರು. ಎರಡನೇ ಔಷಧದ ಅಗತ್ಯ ಬೀಳದವರು ಕಷಾಯದ ಗುಂಪಿನಲ್ಲಿ ನೂರಕ್ಕೆ 89, ಮಾತ್ರೆಯ ಗುಂಪಿನಲ್ಲಿ 95. ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಯಿಲೆ ಉಲ್ಬಣಿಸಿದ್ದು ಎರಡೂ ಕಡೆ ನೂರಕ್ಕೆ 1.9. ಮಾತ್ರೆಯೇ ಸ್ವಲ್ಪ ಮೇಲು, ನಿಜ. ಆದರೆ ಮಾತ್ರೆ ಕೈಗೆ ಸಿಗದ ಊರಿನಲ್ಲಿ ಈ ಕಷಾಯ ಸುಮ್ನೆ ಅಲ್ಲ. ಈ ದಾರಿಗೆ ರಿವರ್ಸ್ ಫಾರ್ಮಕಾಲಜಿ ಅಂತಾರೆ. ಅದರ ಬೀಜ ಬಿತ್ತಿದವರಲ್ಲಿ ನಮ್ಮ ಮುಂಬೈಯ ಡಾಕ್ಟರ್ ಅಶೋಕ್ ವೈದ್ಯ ಕೂಡ ಒಬ್ಬರು.

ಇನ್ನೊಂದು ತಮಾಷೆ ನೋಡಿ. ಈ ಗಿಡ ಮೆಕ್ಸಿಕೋದ್ದು. ಹೊರಗಿನಿಂದ ಬಂದ ಕಳೆಯನ್ನು ಮಾಲಿಯ ಜನ ಯಾವಾಗಲೋ ಪರೀಕ್ಷಿಸಿ ತಮ್ಮ ಔಷಧ ಮಾಡಿಕೊಂಡರು. ಪರಂಪರೆ ಅಂದರೆ ಅಜ್ಜನ ಕಾಲದಿಂದ ಕದಲದೆ ಕೂತದ್ದು ಅಂದುಕೊಂಡವರು ಇದನ್ನು ಗಮನಿಸಬೇಕು.

ಈಗ ಮನುಷ್ಯರ ಕಡೆ ಬರೋಣ. ನನಗೆ ಬಹಳ ಇಷ್ಟವಾದ ಕಥೆ ನೈಜೀರಿಯಾದ ಥಾಮಸ್ ಅಡೆಯೋಯೆ ಲಾಂಬೋ ಅವರದು. ಅಬೆಯೋಕುಟಾದಲ್ಲಿ ಹುಟ್ಟಿ, ಬ್ರಿಟನ್ನಿನಲ್ಲಿ ಮನೋವೈದ್ಯ ಓದಿ, ಊರಿಗೆ ಮರಳಿದವರು. 1954ರಲ್ಲಿ ಅಬೆಯೋಕುಟಾದ ಆರೋ ಆಸ್ಪತ್ರೆಯ ಹೊಣೆ ಅವರ ಮೇಲೆ ಬಿತ್ತು. ಆಸ್ಪತ್ರೆಯ ಕಟ್ಟಡ ಇನ್ನೂ ಪೂರ್ತಿ ಎದ್ದಿರಲಿಲ್ಲ. ಎದ್ದಿದ್ದರೂ ಬ್ರಿಟಿಷರು ಕಟ್ಟಿದ ಹುಚ್ಚಾಸ್ಪತ್ರೆಗಳ ಮಾದರಿಯಲ್ಲಿ ಬೀಗ ಹಾಕಿ ಕೂಡಿಡುವುದು ಅವರಿಗೆ ಬೇಡವಾಗಿತ್ತು. ಸುತ್ತಲಿನ ಹಳ್ಳಿಗಳ ಹಿರಿಯರ ಜೊತೆ ಮಾತಾಡಿದರು. ರೋಗಿಗಳು ಹಳ್ಳಿಯ ಮನೆಗಳಲ್ಲಿ ಬಾಡಿಗೆಗೆ ಇರುವುದು, ಹಗಲು ಆಸ್ಪತ್ರೆಗೆ ಬಂದು ಚಿಕಿತ್ಸೆ ಪಡೆಯುವುದು, ಸಂಜೆ ಹಳ್ಳಿಗೆ ವಾಪಸ್. ಒಂದು ಷರತ್ತು: ಜೊತೆಗೆ ಮನೆಯವರೊಬ್ಬರು ಬಂದು ಇರಲೇಬೇಕು. ಅಡುಗೆ ಮಾಡಲು, ಬಟ್ಟೆ ಒಗೆಯಲು, ಆಸ್ಪತ್ರೆಗೆ ಕರೆದುಕೊಂಡು ಹೋಗಲು. ಸರಿಸುಮಾರು ಅದೇ ಕಾಲಕ್ಕೆ ಅಮೃತಸರದಲ್ಲಿ ಡಾಕ್ಟರ್ ವಿದ್ಯಾಸಾಗರ್ ಆಸ್ಪತ್ರೆ ಆವರಣದಲ್ಲಿ ಟೆಂಟು ಹಾಕಿ ರೋಗಿಯ ಮನೆಯವರನ್ನು ಜೊತೆಗಿಟ್ಟುಕೊಂಡಿದ್ದರು.

ಲಾಂಬೋ ಇನ್ನೊಂದು ಹೆಜ್ಜೆ ಮುಂದೆ ಹೋದರು. ಯೊರೂಬಾ ನಾಟಿ ವೈದ್ಯರನ್ನೇ ಕೆಲಸಕ್ಕೆ ಸೇರಿಸಿಕೊಂಡರು. ಕರೆಂಟು ಕೊಡುವುದು, ಮಾತ್ರೆ ಕೊಡುವುದು ಡಾಕ್ಟರ ಕೆಲಸ. ಈ ಕಾಯಿಲೆ ಯಾಕೆ ಬಂತು, ಯಾವ ಶಾಂತಿ ಮಾಡಿಸಬೇಕು, ಮನೆಯಲ್ಲಿ ಯಾರಿಗೆ ಯಾರ ಮೇಲೆ ಮುನಿಸು, ಇದನ್ನೆಲ್ಲ ಕೂತು ಮಾತಾಡುವುದು ನಾಟಿ ವೈದ್ಯರ ಕೆಲಸ. ಆ ವೈದ್ಯರು ಹುಚ್ಚಿಗೆ ಕೊಡುತ್ತಿದ್ದ ಬೇರುಗಳಲ್ಲಿ ಒಂದು ನಮ್ಮ ಸರ್ಪಗಂಧದ ಆಫ್ರಿಕಾದ ದಾಯಾದಿ. ರೆಸರ್ಪಿನ್ ಅನ್ನುವ ಔಷಧ ಬಂದದ್ದು ಈ ಕುಲದ ಗಿಡದಿಂದಲೇ. ಲಾಂಬೋ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಉಪ ಮಹಾನಿರ್ದೇಶಕರಾದರು. 1978ರಲ್ಲಿ ಅಲ್ಮಾ ಅಟಾ ಸಮ್ಮೇಳನ ನಾಟಿ ವೈದ್ಯರಿಗೂ ಪ್ರಾಥಮಿಕ ಆರೋಗ್ಯದಲ್ಲಿ ಜಾಗ ಇದೆ ಅಂದಾಗ ಅವರು ಅದೇ ಹುದ್ದೆಯಲ್ಲಿದ್ದರು.

ಇದೆಲ್ಲ ಚೆಂದದ ಕಥೆ, ಪುರಾವೆ ಎಲ್ಲಿ ಅಂತ ಕೇಳುವವರಿಗೆ ಅದೇ ಸೀಮೆಯ ಹೊಸ ಪ್ರಯೋಗ ಹೇಳುತ್ತೇನೆ. ನೈಜೀರಿಯಾದ ಇಬಾದಾನ್, ಘಾನಾದ ಕುಮಾಸಿ ಸುತ್ತ ಪ್ರೊಫೆಸರ್ ಒಯೆ ಗುರೆಜೆ ಅವರ ತಂಡ ಮಾಡಿದ್ದು, 2020ರಲ್ಲಿ ಪ್ರಕಟವಾಯಿತು. ತೀವ್ರ ಮಾನಸಿಕ ಕಾಯಿಲೆಯ 307 ಜನ. ಎಲ್ಲರೂ ನಾಟಿ ವೈದ್ಯರ ಅಥವಾ ಪ್ರಾರ್ಥನೆ ಮಾಡುವವರ ಜಾಗದಲ್ಲೇ ದಾಖಲಾಗಿದ್ದವರು. ಅರ್ಧದಷ್ಟು ಕಡೆ ಹತ್ತಿರದ ಆರೋಗ್ಯ ಕೇಂದ್ರದ ನರ್ಸುಗಳು ಅಲ್ಲಿಗೇ ಹೋಗಿ ಅಲ್ಲಿನವರ ಜೊತೆ ಸೇರಿ ರೋಗಿಯನ್ನು ನೋಡಿದರು, ಮಾತ್ರೆ ಕೊಟ್ಟರು. ಪೂಜೆ, ಬೇರು ನಿಲ್ಲಿಸಿ ಅನ್ನಲಿಲ್ಲ. ಸರಪಳಿ ಹಾಕಬೇಡಿ, ಹೊಡೆಯಬೇಡಿ, ಉಪವಾಸ ಕೆಡವಬೇಡಿ ಅಂದರು. ಆರು ತಿಂಗಳ ನಂತರ ಕಾಯಿಲೆಯ ಲಕ್ಷಣ ಅಳೆಯುವ ಮಾಪಕದಲ್ಲಿ ಆ ಗುಂಪು 53.4, ಎಂದಿನಂತೆ ನಡೆದ ಗುಂಪು 67.6. ಕಡಿಮೆ ಇದ್ದಷ್ಟೂ ಒಳ್ಳೆಯದು. ಸರಪಳಿ, ಹೊಡೆತ ಎರಡೂ ಗುಂಪುಗಳಲ್ಲಿ ಇಳಿದವು. ಹಾಗಾಗಿ ಅದರ ಶ್ರೇಯವನ್ನು ನರ್ಸುಗಳ ಭೇಟಿಗೆ ಮಾತ್ರ ಕೊಡಲು ಬರುವುದಿಲ್ಲ.

ಉಗಾಂಡಾದ ಎಂಬರಾರಾದಲ್ಲಿ ಇನ್ನೊಂದು. ನಾಟಿ ವೈದ್ಯರ ಕೈಗೇ ಎಚ್‌ಐವಿ ಪರೀಕ್ಷೆಯ ಕಿಟ್ ಕೊಟ್ಟರು. ತಮ್ಮ ಹತ್ತಿರ ಬಂದವರಿಗೆ ಅವರೇ ಪರೀಕ್ಷೆ ಮಾಡುವುದು. ಇನ್ನೊಂದು ಗುಂಪಿನ ವೈದ್ಯರು ಕ್ಲಿನಿಕ್ಕಿಗೆ ಹೋಗಿ ಅಂತ ಹೇಳಿ ಕಳಿಸುವುದು. ಮೊದಲ ಗುಂಪಿನಲ್ಲಿ 250ಕ್ಕೆ 250 ಜನ ಪರೀಕ್ಷೆ ಮಾಡಿಸಿಕೊಂಡರು. ಎರಡನೆಯದರಲ್ಲಿ 250ಕ್ಕೆ 57. ಕ್ಲಿನಿಕ್ಕಿನಲ್ಲಿ ಊರಿನವರು ನೋಡುತ್ತಾರೆ, ಸಾಲು ನಿಲ್ಲಬೇಕು, ನರ್ಸ್ ಗದರುತ್ತಾರೆ. ಹೋಗದವರನ್ನು ದೂರುವುದು ಸುಲಭ.

ಹಾಗಾದರೆ ನಾಟಿ ವೈದ್ಯರಿಂದ ಅನಾಹುತ ಆಗಿಲ್ಲವೇ? ಆಗಿದೆ. 2014ರಲ್ಲಿ ಸಿಯೆರಾ ಲಿಯೋನಿನ ಗಡಿ ಹಳ್ಳಿ ಸೊಕೋಮಾದಲ್ಲಿ ಎಬೋಲಾ ವಾಸಿ ಮಾಡುತ್ತೇನೆ ಅಂದ ವೈದ್ಯೆಯೊಬ್ಬರು ಅದೇ ಸೋಂಕು ತಗುಲಿ ತೀರಿಕೊಂಡರು. ಶವಕ್ಕೆ ಸ್ನಾನ ಮಾಡಿಸಿದವರು, ಮಣ್ಣಿಗೆ ಬಂದವರು ಸೋಂಕನ್ನು ತಮ್ಮ ಊರುಗಳಿಗೆ ಒಯ್ದರು. ಆ ಒಂದು ಅಂತ್ಯಕ್ರಿಯೆಯಿಂದ ಹಬ್ಬಿ 365 ಸಾವುಗಳವರೆಗೆ ಆಗಿರಬಹುದು ಅಂತ ಅಲ್ಲಿನ ಆರೋಗ್ಯ ಅಧಿಕಾರಿಗಳು ಅಂದಾಜು ಮಾಡಿದರು. ಜೂಲು ಜನರ ಇಂಪಿಲಾ ಅನ್ನುವ ಬೇರು ಯಕೃತ್ತು, ಮೂತ್ರಪಿಂಡ ಎರಡನ್ನೂ ಕೆಡಿಸಿ ಮಕ್ಕಳನ್ನೂ ಕೊಂದಿದೆ. ಒಂದೇ ಬ್ಲೇಡಿನಿಂದ ಹಲವರ ಚರ್ಮ ಗೀರಿ ಔಷಧ ಉಜ್ಜುವುದು ಎಚ್‌ಐವಿ ಇರುವ ಊರಿನಲ್ಲಿ ಎಂಥ ಅಪಾಯ ಅಂತ ನಿಮಗೇ ಗೊತ್ತು.

ಆದರೆ ಆಫ್ರಿಕಾದ ನಾಟಿ ವೈದ್ಯಕ್ಕೆ ಕೆಟ್ಟ ಹೆಸರು ತಂದ ದೊಡ್ಡ ಸುದ್ದಿಗಳನ್ನು ಒಮ್ಮೆ ಹತ್ತಿರದಿಂದ ನೋಡಿ. 2011ರಲ್ಲಿ ತಾಂಜಾನಿಯಾದ ಲೊಲಿಯೊಂಡೋ ಕಡೆ ಒಂದು ಲೋಟ ಕಷಾಯಕ್ಕೆ ಕಿಲೋಮೀಟರುಗಟ್ಟಲೆ ವಾಹನಗಳ ಸಾಲು. ಲೋಟಕ್ಕೆ 500 ಶಿಲ್ಲಿಂಗ್. ಏಡ್ಸ್, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲಕ್ಕೂ ಅದೇ ಲೋಟ. ಆಸ್ಪತ್ರೆಯಿಂದ ಎದ್ದು ಬಂದ ಎಷ್ಟೋ ರೋಗಿಗಳು ಸಾಲಿನಲ್ಲೇ ಸತ್ತರು. ಮಂತ್ರಿಗಳೂ ಬಂದು ಕುಡಿದರು. ಕೊಟ್ಟವರು ಯಾರು? ನಿವೃತ್ತ ಲೂಥರನ್ ಪಾದ್ರಿ, ದೇವರು ಕನಸಿನಲ್ಲಿ ಹೇಳಿದ ಅಂದವರು. 2020ರಲ್ಲಿ ಮಡಗಾಸ್ಕರ್ ಅಧ್ಯಕ್ಷ ಆಂಡ್ರಿ ರಾಜೋಲಿನಾ ಕೊರೊನಾಕ್ಕೆ ಮದ್ದು ಅಂತ ಟೀವಿ ಮುಂದೆ ಬಾಟಲಿ ಎತ್ತಿ ಕುಡಿದರು. ಅದರ ಮುಖ್ಯ ಸೊಪ್ಪು ಆರ್ಟೆಮಿಸಿಯಾ, ಚೀನಾ ಮೂಲದ್ದು. ದಕ್ಷಿಣ ಆಫ್ರಿಕಾದಲ್ಲಿ ಎಂಬೆಕಿ ಸರ್ಕಾರ ಏಡ್ಸ್ ಮಾತ್ರೆಗಳನ್ನು ತಡೆಹಿಡಿದಿತ್ತು. ಆರೋಗ್ಯ ಮಂತ್ರಿ ಶಬಲಾಲಾ ಮ್ಸಿಮಾಂಗ್ ಬೆಳ್ಳುಳ್ಳಿ, ಬೀಟ್ರೂಟ್, ನಿಂಬೆಹಣ್ಣು ತಿನ್ನಿ ಅಂದರು. 3,30,000ಕ್ಕೂ ಹೆಚ್ಚು ಜನ ಉಳಿಯಬಹುದಿತ್ತು ಅಂತ ಆಮೇಲೆ ಲೆಕ್ಕ ಹಾಕಿದರು. ಆ ಪಟ್ಟಿಯಲ್ಲಿ ಆಫ್ರಿಕನ್ ಪೊಟೇಟೋ ಅನ್ನುವ ಗೆಡ್ಡೆ ಒಂದು ಬಿಟ್ಟರೆ ಸಾಂಗೋಮಾಗಳ ಚೀಲದಿಂದ ಬಂದದ್ದು ಏನಿತ್ತು? ಒಬ್ಬ ಪಾದ್ರಿ, ಒಬ್ಬ ಅಧ್ಯಕ್ಷ, ಒಬ್ಬ ಮಂತ್ರಿ. ಪರಂಪರೆಯ ಹೆಸರು ಹೇಳಿದವರು ಇವರು. ಪೆಟ್ಟು ಬಿದ್ದದ್ದು ಹಳ್ಳಿಯ ವೈದ್ಯರ ಮಾನಕ್ಕೆ.

ಕಾನೂನಿನ ಕಥೆ ಬೇಗ ಹೇಳುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ 1957ರ ಮಾಟ ತಡೆ ಕಾಯ್ದೆ ಕಣಿ ಹೇಳುವುದನ್ನೇ ಅಪರಾಧ ಮಾಡಿತ್ತು. ನಾಟಿ ವೈದ್ಯರನ್ನು ನೋಂದಾಯಿಸುವ ಕಾಯ್ದೆ ಬಂದದ್ದು 2004ರಲ್ಲಿ. 2006ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಜನರ ಅಭಿಪ್ರಾಯ ಸರಿಯಾಗಿ ಕೇಳದೆ ಪಾಸು ಮಾಡಿದ್ದೀರಿ, ಕೇಳಿ ಬನ್ನಿ ಅಂದಿತು. ಹಾಗಾಗಿ ಈಗಿರುವುದು 2007ರ ಕಾಯ್ದೆ. 2013ರಲ್ಲಿ ಇನ್ನೊಂದು ತೀರ್ಪು ಬಂತು. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರಿಗೆ ಹಿರಿಯರ ಕರೆ ಬಂತು, ಸಾಂಗೋಮಾ ಆಗಲು ತರಬೇತಿಗೆ ಹೋಗಬೇಕು. ಗುರುವಿನಿಂದ ಚೀಟಿ ತಂದು ರಜೆ ಕೇಳಿದರು. ಕೊಡಲಿಲ್ಲ, ಆದರೂ ಹೋದರು, ಕೆಲಸ ಹೋಯಿತು. ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ನಿಮ್ಮ ನಂಬಿಕೆ ನನಗೆ ಒಪ್ಪಿಗೆಯೋ ಇಲ್ಲವೋ ಅನ್ನುವುದು ಇಲ್ಲಿ ಪ್ರಶ್ನೆಯಲ್ಲ, ಆಕೆ ಹೋಗದಿದ್ದರೆ ಕಾಯಿಲೆ ಬೀಳುತ್ತೇನೆ ಅಂತ ನಿಜವಾಗಿ ನಂಬಿದ್ದರೇ ಅನ್ನುವುದನ್ನು ನೋಡಬೇಕು ಅನ್ನುವುದು ಆ ತೀರ್ಪಿನ ಧಾಟಿ. ಘಾನಾದಲ್ಲಂತೂ ಕುಮಾಸಿಯ ವಿಶ್ವವಿದ್ಯಾಲಯ 2001ರಿಂದ ಗಿಡಮೂಲಿಕೆ ವೈದ್ಯಕ್ಕೆ ಪದವಿಯನ್ನೇ ಕೊಡುತ್ತಿದೆ.

ಕೊನೆಗೆ ಒಬ್ಬರು ಹಿರಿಯರು ನೇರವಾಗಿ ಕೇಳಿದರು: ಹಾಗಾದರೆ ಡಾಕ್ಟರು ತಮ್ಮ ರೋಗಿಗಳನ್ನು ನಾಟಿ ವೈದ್ಯರ ಹತ್ತಿರ ಕಳಿಸಬೇಕಾ? ಜ್ವರ, ಮೂಳೆ ಮುರಿತ, ಹೆರಿಗೆ, ಕ್ಯಾನ್ಸರ್ ಇವಕ್ಕೆ ನನ್ನ ಉತ್ತರ ಇಲ್ಲ ಅಂತಲೇ. ಆದರೆ ವರ್ಷಗಟ್ಟಲೆ ಮಾತ್ರೆ ನುಂಗಬೇಕಾದವರು, ಮನಸ್ಸು ಕೆಟ್ಟವರು ಹೇಗೂ ಅಲ್ಲಿಗೆ ಹೋಗುತ್ತಾರೆ. ಹೋಗಿದ್ದನ್ನು ಡಾಕ್ಟರಿಗೆ ಹೇಳುವುದಿಲ್ಲ, ಅಷ್ಟೇ. ದಕ್ಷಿಣ ಆಫ್ರಿಕಾದ ನಾಟಿ ವೈದ್ಯರ ದೊಡ್ಡ ದೂರು ಏನೆಂದರೆ, ನಾವು ಚೀಟಿ ಬರೆದು ಆಸ್ಪತ್ರೆಗೆ ಕಳಿಸುತ್ತೇವೆ, ಆಸ್ಪತ್ರೆಯಿಂದ ಒಂದು ಸಾಲು ಉತ್ತರ ಬರುವುದಿಲ್ಲ. ರೋಗಿಗೆ ಏನಾಗಿತ್ತು, ಏನು ಕೊಟ್ಟರು, ನಾವು ಏನು ಕೊಡಬಾರದು, ಒಂದೂ ತಿಳಿಯುವುದಿಲ್ಲ ಅಂತ. ಬೇರಿನ ಕಷಾಯ ಏಡ್ಸ್ ಮಾತ್ರೆಯ ಜೊತೆ ಸೇರಿ ಏನು ಮಾಡುತ್ತದೆ ಅನ್ನುವುದು ಸಣ್ಣ ವಿಷಯವಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು. ಇಬಾದಾನ್, ಕುಮಾಸಿಗಳಲ್ಲಿ ಕೆಲಸ ಆದದ್ದು ಯಾಕೆಂದರೆ ನರ್ಸ್ ಎದ್ದು ನಾಟಿ ವೈದ್ಯರ ಮನೆಗೆ ಹೋದರು. ಅದು ಪ್ರಯೋಗ, ಅದಕ್ಕೆ ಹಣ ಇತ್ತು. ಪ್ರಯೋಗ ಮುಗಿದ ಮೇಲೂ ನರ್ಸ್ ಹೋಗುತ್ತಿರಬೇಕಾದರೆ ಅವರ ಬಸ್ ಖರ್ಚು, ಆ ಅರ್ಧ ದಿನದ ಡ್ಯೂಟಿ ಯಾವ ಇಲಾಖೆಯ ಲೆಕ್ಕಕ್ಕೆ ಹೋಗಬೇಕು? ಈ ಬಗ್ಗೆ ನಡೆಯುವ ಸಭೆಗಳಲ್ಲಿ ಗಿಡಗಳ ಪಟ್ಟಿಗಿಂತ ಮೊದಲು ಇದನ್ನು ಚರ್ಚೆಗೆ ತಂದರೆ ಒಳ್ಳೆಯದು.